ಔಲಿಯ ಹಿಮದಲ್ಲಿ ನಾವು ಬಿದ್ದ ಕಥೆ

ನಾವು ಊರಿಗೆ ಮುಟ್ಟುವ ಮೊದಲೇ ನಮ್ಮ ವೀಡಿಯೊ ಮುಟ್ಟಿತ್ತು. ಬರೀ ಇಪ್ಪತ್ತೆರಡು ಸೆಕೆಂಡಿನದ್ದು. ಬಿಳಿ ಇಳಿಜಾರಿನಲ್ಲಿ ಕೆಂಪು ಜಾಕೆಟಿನ ಗಡ್ಡದ ಮನುಷ್ಯನೊಬ್ಬ ಎರಡೂ ಕೈ ಮೇಲೆತ್ತಿ "ಯಾ ಅಲ್ಲಾಹ್" ಎಂದು ಕೂಗುತ್ತಾ ಬಂದು ಬಲೆಯ ಬೇಲಿಗೆ ಸಿಕ್ಕಿ ಬೀಳುತ್ತಾನೆ. ಹಿಂದಿನಿಂದ ಯಾರೋ ಬ್ಯಾರಿ ಭಾಷೆಯಲ್ಲಿ ಬೊಬ್ಬೆ ಹಾಕಿ ನಗುವ ಶಬ್ದ. ಆ ಗಡ್ಡದ ಮನುಷ್ಯ ನಾವೇ. ಮಂಗಳೂರು ಜಂಕ್ಷನ್‌ನಲ್ಲಿ ರೈಲು ಇಳಿದದ್ದೇ ತಡ, ಪರಿಚಯದ ಆಟೊದವರು ಕೇಳಿದರು: "ಉಸ್ತಾದರೇ, ಪೆಟ್ಟು ಜೋರಾಯಿತಾ?"

ಮರುದಿನ ಸುಬಹಿ ನಮಾಝಿನ ನಂತರ ಹಿರಿಯರೊಬ್ಬರು ಕೈ ಹಿಡಿದು ನಿಲ್ಲಿಸಿದರು. "ಉಮ್ರಾಕ್ಕೆ ಹೋಗುವ ಪ್ರಾಯದಲ್ಲಿ ಇದೆಂತ ಉಸ್ತಾದೇ, ಮಕ್ಕಳ ಆಟ?" ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇಸರ ಇತ್ತು. ಮದ್ರಸದಲ್ಲಿ ಮಕ್ಕಳು ಪುಸ್ತಕದ ಮರೆಯಲ್ಲಿ ನಗುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಹೇಳಿಬಿಡೋಣ ಎಂದು ಈ ಬರಹ.

ನಾವು ನಾಲ್ವರು ಒಂದೇ ಮದ್ರಸದ ಒಂದೇ ಬೆಂಚಿನಲ್ಲಿ ಕಲಿತವರು. ಈಗ ಒಬ್ಬ ಮೀನಿನ ಲಾರಿ ಓಡಿಸುತ್ತಾನೆ, ಒಬ್ಬನಿಗೆ ಟೈಲರ್ ಅಂಗಡಿ, ಒಬ್ಬ ದುಬೈ ಬಿಟ್ಟು ಊರಿಗೆ ಬಂದು ಎರಡು ವರ್ಷವಾಯಿತು. ನಾವು ಅದೇ ಮದ್ರಸದಲ್ಲಿ ಬೆಂಚಿನಿಂದ ಎದ್ದು ಕುರ್ಚಿಗೆ ಹೋದದ್ದಷ್ಟೆ. ನಮ್ಮೊಳಗೆ ಹೆಸರು ಹಿಡಿದು ಕರೆಯುವ ಪದ್ಧತಿ ಯಾವಾಗಲೋ ಹೋಯಿತು. ಡ್ರೈವರ್, ಟೈಲರ್, ದುಬೈ, ಉಸ್ತಾದ್. ಅಷ್ಟೆ.

ಇದೆಲ್ಲ ಶುರುವಾದದ್ದು ದುಬೈಯಿಂದ. ಅವನು ಅಲ್ಲಿ ಮಾಲ್ ಆಫ್ ದಿ ಎಮಿರೇಟ್ಸ್‌ನ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ಸೇಲ್ಸ್‌ಮನ್. 2005ರಲ್ಲಿ ಅದೇ ಮಾಲ್‌ನ ಒಳಗೆ 'ಸ್ಕೀ ದುಬೈ' ತೆರೆಯಿತು. ಹೊರಗೆ ಮರುಭೂಮಿಯ ಬಿಸಿಲು, ದೊಡ್ಡ ಗಾಜಿನ ಆ ಕಡೆ ಶೂನ್ಯಕ್ಕಿಂತ ಕೆಳಗಿನ ಚಳಿ, 400 ಮೀಟರ್ ಉದ್ದದ ಹಿಮದ ಇಳಿಜಾರು. ಇವನು ಊಟದ ಬಿಡುವಿನಲ್ಲಿ ಟಿಫಿನ್ ಮುಗಿಸಿ ಆ ಗಾಜಿನ ಎದುರು ನಿಲ್ಲುವುದು. ಒಳಗೆ ಹೋಗುವ ಟಿಕೆಟ್ಟಿನ ಹಣದಲ್ಲಿ ಊರಿಗೆ ಎಷ್ಟು ಕಳಿಸಬಹುದು ಎಂಬ ಲೆಕ್ಕ ಮನಸ್ಸಲ್ಲಿ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಒಳಗೆ ಹೋಗಲಿಲ್ಲ. ತಂಗಿಯ ಮದುವೆ, ಮನೆಯ ತಾರಸಿ, ಉಮ್ಮನ ಆಪರೇಷನ್. ಗಲ್ಫಿನ ಎಲ್ಲ ಮನೆಗಳಲ್ಲೂ ಇರುವ ಪಟ್ಟಿ ಇದು, ಬಿಡಿಸಿ ಹೇಳುವ ಅಗತ್ಯ ಇಲ್ಲ. ಊರಿಗೆ ಬಂದ ಮೇಲೆ ಒಂದು ರಾತ್ರಿ ಟೈಲರ್ ಅಂಗಡಿಯ ಜಗಲಿಯಲ್ಲಿ ಕೂತಿದ್ದಾಗ ಹೇಳಿದ: "ಪ್ರಾಯ ನಲವತ್ತಾರು, ಶುಗರ್ ಉಂಟು. ಮೊಣಕಾಲು ಇರುವಾಗಲೇ ಒಂದು ಸಲ ಅದರ ಮೇಲೆ ನಿಲ್ಲಬೇಕು ಮಾರಾಯ್ರೇ."

ಗುಲ್ಮಾರ್ಗ್ ಎಂದು ಮೊದಲು ಯೋಚಿಸಿದ್ದು. ಅಲ್ಲಿಯ ಗೊಂಡೋಲ, ಅಲ್ಲಿಯ ಜನಜಂಗುಳಿ, ವಿಮಾನದ ಖರ್ಚು ಎಲ್ಲ ವಿಚಾರಿಸಿದ ಮೇಲೆ ಡ್ರೈವರ್‌ನೇ ಔಲಿಯ ಹೆಸರು ಹೇಳಿದ. ಉತ್ತರಾಖಂಡದ ಚಮೋಲಿ ಜಿಲ್ಲೆ. ಪ್ರವಾಸೋದ್ಯಮದವರ ವಸತಿ, ಬೆರಳೆಣಿಕೆಯ ಹೋಟೆಲು, ಗುಡ್ಡದ ಮೇಲೆ ಚಹಾದ ಡೇರೆಗಳು, ಒಂದು ಒಳ್ಳೆಯ ಇಳಿಜಾರು. ರಾತ್ರಿ ಎಂಟಾದರೆ ನಾಯಿ ಬೊಗಳುವುದು ಬಿಟ್ಟರೆ ಸದ್ದಿಲ್ಲ. 2011ರ ಜನವರಿಯಲ್ಲಿ ಮೊದಲ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆ ನಡೆದದ್ದು ಇಲ್ಲಿ. ಇಂಡೋ-ಟಿಬೆಟನ್ ಗಡಿ ಪೊಲೀಸರಿಗೆ ಸ್ಕೀ ಕಲಿಸುವ ಸಂಸ್ಥೆಯೂ ಇಲ್ಲೇ. ಅಂದರೆ ಜಾಗ ಸಣ್ಣದಲ್ಲ, ಗದ್ದಲ ಮಾತ್ರ ಸಣ್ಣದು.

ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ. ಬುತ್ತಿಯಲ್ಲಿ ಕಲ್ತಪ್ಪ, ಬನ್ಸ್, ಒಂದು ಬಾಟ್ಲಿ ಒಣಮೀನಿನ ಚಟ್ನಿ. ಹಝ್ರತ್ ನಿಝಾಮುದ್ದೀನ್ ಸ್ಟೇಷನ್‌ನಲ್ಲಿ ಇಳಿದು, ಪಕ್ಕದ ಬಸ್ತಿಯ ಗಲ್ಲಿಯಲ್ಲಿ ಚರ್ಮದ ಮೋಜು ನಾಲ್ಕು ಜೊತೆ ಕೊಂಡೆವು. ಅದರ ಕಥೆ ಆಮೇಲೆ ಬರುತ್ತದೆ. ರಾತ್ರಿ ಬಸ್ಸಿನಲ್ಲಿ ಋಷಿಕೇಶ. ಅಲ್ಲಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ., ಬೆಳಿಗ್ಗೆ ಹೊರಟರೆ ಸಂಜೆ. ದೇವಪ್ರಯಾಗದಲ್ಲಿ ಅಲಕನಂದಾ ಮತ್ತು ಭಾಗೀರಥಿ ಎರಡು ಬಣ್ಣದಲ್ಲಿ ಬಂದು ಕೂಡುವುದನ್ನು ಗಾಡಿ ನಿಲ್ಲಿಸಿ ನೋಡಿದೆವು. ಗಂಗೆ ಎಂಬ ಹೆಸರು ಶುರುವಾಗುವುದೇ ಅಲ್ಲಿಂದ. ಮುಂದೆ 'ಶ್ರೀನಗರ' ಎಂಬ ಬೋರ್ಡು ಕಂಡಾಗ ನಿದ್ದೆಯಿಂದ ಎದ್ದ ಟೈಲರ್ ಹೌಹಾರಿದ. "ಕಾಶ್ಮೀರಕ್ಕೆ ಬಂದೆವಾ?" ಅದು ಗಢವಾಲದ ಶ್ರೀನಗರ. ಊರಿಗೆ ಬಂದ ಮೇಲೂ ಅವನಿಗೆ ಇದನ್ನು ಹೇಳಿ ಕೆಣಕುವುದು ನಿಂತಿಲ್ಲ.

ನಮ್ಮ ಡ್ರೈವರ್‌ಗೆ ಇಡೀ ದಾರಿ ನಿದ್ದೆ ಇಲ್ಲ. ಬೇರೆಯವರು ಓಡಿಸುವಾಗ ಕೂರುವುದು ಅವನಿಗೆ ಶಿಕ್ಷೆ. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಪ್ರಪಾತ. "ಶಿರೂರಿನಲ್ಲಿ ಆದದ್ದು ಇಲ್ಲಿ ಪ್ರತಿ ತಿರುವಿನಲ್ಲೂ ಆಗಬಹುದು" ಎಂದ. 2024ರ ಜುಲೈಯಲ್ಲಿ ಅಂಕೋಲಾ ಬಳಿ ಹೆದ್ದಾರಿ 66ರ ಮೇಲೆ ಗುಡ್ಡ ಜರಿದ ಜಾಗದಲ್ಲಿ ಅವನು ನೂರಾರು ಸಲ ಲಾರಿ ನಿಲ್ಲಿಸಿ ಚಹಾ ಕುಡಿದವನು. ಆ ಮಾತಿನ ನಂತರ ಗಾಡಿಯಲ್ಲಿ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ.

ಜೋಶಿಮಠ ಸುಮಾರು 1,890 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿ ಒಂದು ಇಡೀ ಪೇಟೆ ಎಂದು ಅಂದಾಜು ಮಾಡಿಕೊಳ್ಳಿ. ಶಂಕರಾಚಾರ್ಯರ ನಾಲ್ಕು ಮಠಗಳಲ್ಲಿ ಉತ್ತರದ್ದು ಇಲ್ಲಿ, ದಕ್ಷಿಣದ್ದು ನಮ್ಮ ಶೃಂಗೇರಿಯಲ್ಲಿ. ನಾವು ಮಂಗಳೂರಿನವರು ಎಂದು ಹೇಳಿದಾಗ ಚಹಾದಂಗಡಿಯ ಮುದುಕರು ಕೇಳಿದ ಮೊದಲ ಪ್ರಶ್ನೆ, "ಶೃಂಗೇರಿ ನಿಮಗೆ ಎಷ್ಟು ದೂರ?" ಆಗುಂಬೆ ಹತ್ತಿದರೆ ಮುಟ್ಟುತ್ತೇವೆ ಎಂದೆವು. ಚಹಾದ ಹಣ ತೆಗೆದುಕೊಳ್ಳಲಿಲ್ಲ.

ಆದರೆ ಆ ಪೇಟೆಯ ಗೋಡೆಗಳನ್ನು ನೋಡಿದರೆ ಹೊಟ್ಟೆ ಚುರ್ ಎನ್ನುತ್ತದೆ. 2023ರ ಜನವರಿಯಲ್ಲಿ ಊರೇ ಕುಸಿಯತೊಡಗಿತ್ತು. ಎಂಟುನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು. ಹನ್ನೆರಡು ದಿನದಲ್ಲಿ ನೆಲ 5.4 ಸೆಂ.ಮೀ. ಇಳಿದಿದೆ ಎಂದು ಇಸ್ರೋದ ಉಪಗ್ರಹ ಚಿತ್ರಗಳು ಹೇಳಿದವು. ಈ ಊರು ಗಟ್ಟಿ ಬಂಡೆಯ ಮೇಲಿಲ್ಲ, ಹಳೆಯ ಭೂಕುಸಿತದ ಮಣ್ಣುಕಲ್ಲಿನ ರಾಶಿಯ ಮೇಲಿದೆ, ಭಾರೀ ಕಟ್ಟಡ ಕಟ್ಟಬೇಡಿ ಎಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ಜೋಶಿಮಠದಿಂದ ಔಲಿಗೆ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ ಇದೆ. ಕುಸಿತದ ಸಮಯದಲ್ಲಿ ನಿಂತದ್ದು, ನಾವು ಹೋದಾಗಲೂ ಓಡುತ್ತಿರಲಿಲ್ಲ. ಜೀಪಿನಲ್ಲೇ ಮೇಲೆ ಹೋದೆವು.

ಇದೇ ಜೋಶಿಮಠದಿಂದ ಧೌಲಿಗಂಗೆಯ ಕಣಿವೆಯಲ್ಲಿ ಮುಂದೆ ಹೋದರೆ ರೈಣಿ ಗ್ರಾಮ. 1974ರಲ್ಲಿ ಗೌರಾದೇವಿ ಮತ್ತು ಊರಿನ ಹೆಂಗಸರು ಗುತ್ತಿಗೆದಾರರ ಕೊಡಲಿಗೆ ಅಡ್ಡ ನಿಂತದ್ದು ಆ ಊರಿನಲ್ಲಿ. ನಮ್ಮ ಉತ್ತರ ಕನ್ನಡದಲ್ಲಿ 1983ರಲ್ಲಿ ಎದ್ದ ಅಪ್ಪಿಕೊ ಚಳವಳಿಗೆ ಸ್ಫೂರ್ತಿ ಕೊಟ್ಟದ್ದು ಆ ಚಿಪ್ಕೊ. 2021ರ ಫೆಬ್ರವರಿ 7ರಂದು ಅದೇ ಕಣಿವೆಯಲ್ಲಿ ಬಂದ ದಿಢೀರ್ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಹೋದರು ಅಥವಾ ಕಾಣೆಯಾದರು. ಹಿಮ ಎಂದರೆ ನಮಗೆ ಫೋಟೊದ ಚಂದ. ಅಲ್ಲಿಯವರಿಗೆ ಅದು ಬಂದರೂ ಚಿಂತೆ, ಬಾರದಿದ್ದರೂ ಚಿಂತೆ.

ನಮಗೆ ಸ್ಕೀ ಕಲಿಸಲು ಬಂದ ಹುಡುಗನೂ ಅಲ್ಲಿಯವನೇ. ಇಪ್ಪತ್ತಮೂರು ವರ್ಷ. ಚಳಿಗಾಲದಲ್ಲಿ ಸ್ಕೀ ಕಲಿಸುತ್ತಾನೆ, ಬೇಸಿಗೆಯಲ್ಲಿ ಚಾರಣಕ್ಕೆ ಬರುವವರ ಹೊರೆ ಹೊರುತ್ತಾನೆ. ಸಣ್ಣದಿರುವಾಗ ಮರದ ಹಲಗೆಗೆ ಹಗ್ಗ ಕಟ್ಟಿ ಜಾರಲು ಕಲಿತವ. ಜೋಶಿಮಠದ ಅವನ ಮನೆಯ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು ಇದೆಯಂತೆ. ಹೇಳುವಾಗ ನಗುತ್ತಾ ಹೇಳಿದ. ನಾವು ಮದ್ರಸದಲ್ಲಿ ಕಲಿಸುವವರು ಎಂದು ತಿಳಿದ ಮೇಲೆ "ಉಸ್ತಾದ್‌ಜೀ" ಎಂದೇ ಕರೆದ.

ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಪಾಠ. ಸ್ಕೀ ಬೂಟು ಎಂದರೆ ಬೂಟಲ್ಲ, ಕಾಲಿಗೆ ಹಾಕುವ ಸೆರೆಮನೆ. ಗಟ್ಟಿ ಪ್ಲಾಸ್ಟಿಕ್, ಸಾಲಾಗಿ ಬಕಲುಗಳು, ಪಾದದ ಗಂಟು ಮಡಚಲು ಬಿಡುವುದಿಲ್ಲ. ಮುಂದಕ್ಕೆ ಬಾಗಿದರೆ ಮಾತ್ರ ನಿಲ್ಲಬಹುದು, ನೆಟ್ಟಗೆ ನಿಂತರೆ ಹಿಂದಕ್ಕೆ ಬೀಳುವುದು ಖಂಡಿತ. ಬೂಟಿನ ಅಡಿಗೆ ಅಂಟಿದ ಹಿಮವನ್ನು ಕೋಲಿನಿಂದ ತಟ್ಟಿ ತೆಗೆದು, ಮೊದಲು ಬೆರಳಿನ ಕಡೆ ಸಿಕ್ಕಿಸಿ, ಆಮೇಲೆ ಹಿಮ್ಮಡಿ ಒತ್ತಬೇಕು. 'ಟಕ್' ಎಂದಿತೋ, ಮತ್ತೆ ನೀವು ನಿಮ್ಮ ಕೈಯಲ್ಲಿಲ್ಲ.

ಹುಡುಗ ಕಲಿಸಿದ ಮೊದಲ ಪಾಠ ಜಾರುವುದಲ್ಲ, ಬೀಳುವುದು. ಹಿಂದಕ್ಕೆ ಬೀಳಬಾರದು, ಮುಂದಕ್ಕೂ ಬೀಳಬಾರದು, ಸೊಂಟದ ಪಕ್ಕಕ್ಕೆ ಕೂತ ಹಾಗೆ ಬೀಳಬೇಕು. ಏಳುವಾಗ ಎರಡೂ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟುಕೊಳ್ಳಬೇಕು, ಇಲ್ಲವಾದರೆ ಎದ್ದ ಕೂಡಲೇ ಅದು ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಒಂದು ಗಂಟೆ ಬರೀ ಬಿದ್ದು ಎದ್ದೆವು. ಆಮೇಲೆ ನಿಲ್ಲಿಸುವ ಪಾಠ. ಸ್ಕೀಗಳ ಮೂತಿ ಹತ್ತಿರ, ಬಾಲ ದೂರ, ಒಳ ಅಂಚುಗಳ ಮೇಲೆ ಭಾರ. ಆಗ ವೇಗ ಕುಗ್ಗುತ್ತದೆ. ಹುಡುಗ ಹಿಂದಿಯಲ್ಲಿ ಶುರು ಮಾಡುವ ಮೊದಲೇ ದುಬೈ ಹೇಳಿದ, "ಪಿಝ್ಝಾ! ಪಿಝ್ಝಾದ ತುಂಡಿನ ಹಾಗೆ!" ಹನ್ನೊಂದು ವರ್ಷ ಗಾಜಿನ ಹೊರಗೆ ನಿಂತು, ಒಳಗೆ ಮಕ್ಕಳಿಗೆ ಹೇಳಿಕೊಡುವುದನ್ನು ಅವನು ನೋಡಿದ್ದಾನೆ. ಕೈಸನ್ನೆ, ಮೊಣಕಾಲಿನ ಬಾಗು, ಕಣ್ಣಿನ ದಿಕ್ಕು ಎಲ್ಲವೂ ಬಾಯಿಪಾಠ. ಸಂಜೆಯ ಹೊತ್ತಿಗೆ ಆ ಶುಗರ್ ರೋಗಿ ಸಣ್ಣ ಇಳಿಜಾರಿನಲ್ಲಿ ಬೀಳದೆ ಕೆಳಗೆ ಬಂದ. ಹುಡುಗ ಕೇಳಿದ, ಮೊದಲು ಎಲ್ಲಿ ಕಲಿತಿರಿ? "ಹೊರಗೆ ನಿಂತು" ಎಂದ ದುಬೈ.

ಡ್ರೈವರ್‌ನ ಕಷ್ಟ ಬೇರೆ. ಇಪ್ಪತ್ತೈದು ವರ್ಷದ ಅಭ್ಯಾಸ, ಹೆದರಿಕೆಯಾದ ಕೂಡಲೇ ಬಲಗಾಲು ಒತ್ತುತ್ತದೆ. ಸ್ಕೀಯಲ್ಲಿ ಬಲಗಾಲು ಒತ್ತಿದರೆ ಎಡಕ್ಕೆ ತಿರುಗುತ್ತದೆ. ಹಾಗಾಗಿ ಅವನು ಬ್ರೇಕ್ ಹಾಕಿದಾಗಲೆಲ್ಲ ಎಡಬದಿಯ ಬಲೆಗೆ ಹೋಗಿ ಬೀಳುವುದು. ಟೈಲರ್ ಎರಡೇ ಸಲ ಬಿದ್ದು, ಬಾಡಿಗೆ ಜಾಕೆಟಿನ ಹೊಲಿಗೆಯನ್ನು ಬೈದು, ಚಹಾದ ಡೇರೆಗೆ ಹೋಗಿ ಕೂತುಬಿಟ್ಟ. ಅವನ ಕಿಸೆಯಲ್ಲಿ ಸೂಜಿ ನೂಲು ಯಾವಾಗಲೂ ಉಂಟು. ಡೇರೆಯವಳ ಹರಿದ ಸ್ವೆಟರ್ ಹೊಲಿದುಕೊಟ್ಟು ಮೂರು ದಿನವೂ ಬಿಟ್ಟಿ ಚಹಾ ಕುಡಿದ.

ನಮಾಝಿನ ವಿಷಯ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇವೆ. ಚಳಿಯಲ್ಲಿ ಪಾದ ತೊಳೆಯುವ ಬದಲು ಚರ್ಮದ ಖುಫ್ಫಿನ ಮೇಲೆ ಒದ್ದೆ ಕೈ ಸವರುವ ನಿಯಮವನ್ನು ನಾವು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇವೆ. ಮುಸಾಫಿರನಿಗೆ ಮೂರು ಹಗಲು ಮೂರು ರಾತ್ರಿ, ಊರಲ್ಲಿರುವವನಿಗೆ ಒಂದು ಹಗಲು ಒಂದು ರಾತ್ರಿ. ಕರಾವಳಿಯ ಸೆಕೆಯಲ್ಲಿ ಒಂದು ಸಲವೂ ಮಾಡಿ ನೋಡಿದ್ದಿಲ್ಲ. ಡ್ರೈವರ್ ಕೇಳಿದ, ಸ್ಕೀ ಬೂಟಿನ ಮೇಲೆಯೇ ಸವರಿದರೆ ಆಗುವುದಿಲ್ಲವಾ? ಖುಫ್ಫಿನ ಷರತ್ತುಗಳಲ್ಲಿ ಒಂದು, ಅದನ್ನು ಹಾಕಿ ನಡೆದಾಡಲು ಸಾಧ್ಯವಾಗಬೇಕು. "ನೀನು ಇದನ್ನು ಹಾಕಿ ಡೇರೆಯವರೆಗೆ ನಡೆದು ತೋರಿಸು, ಆಮೇಲೆ ಮಸ್‌ಅಲ ನೋಡುವಾ" ಎಂದೆವು. ಒಂದು ಸೈಜು ದೊಡ್ಡ ಬೂಟು ತೆಗೆದುಕೊಂಡು, ಒಳಗೆ ನಿಝಾಮುದ್ದೀನಿನ ಚರ್ಮದ ಮೋಜು ಹಾಕಿ, ವುಝೂವಿನ ಹೊತ್ತಿಗೆ ಬೂಟು ಕಳಚಿ ಮೋಜಿನ ಮೇಲೆ ಸವರಿದೆವು. ಮೂರೇ ದಿನದ ವಾಸವಾದ್ದರಿಂದ ಖಸ್ರ್, ಜಮ್‌ಅ್ ಎಲ್ಲವೂ ಸಿಕ್ಕಿತು. ಇನ್ನೊಂದು ವಿಷಯ: ಮಂಗಳೂರಿನಲ್ಲಿ ಕಿಬ್ಲಾ ಪಶ್ಚಿಮದಿಂದ ಸ್ವಲ್ಪ ಬಲಕ್ಕೆ, ಉತ್ತರದ ಕಡೆಗೆ. ಔಲಿಯಲ್ಲಿ ಪಶ್ಚಿಮದಿಂದ ತುಸು ಎಡಕ್ಕೆ. ನಕ್ಷೆ ನೋಡಿದರೆ ತಿಳಿಯುತ್ತದೆ, ಆದರೆ ನಿಂತು ತಿರುಗಿದಾಗಲೇ ಊರಿನಿಂದ ಎಷ್ಟು ದೂರ ಬಂದಿದ್ದೇವೆ ಎಂದು ಮೈಗೆ ಗೊತ್ತಾದದ್ದು. ಸಲಾಂ ಹೇಳಿ ಹಿಂದಿರುಗಿದರೆ ಪೂರ್ವದಲ್ಲಿ ನಂದಾದೇವಿ, 7,816 ಮೀಟರ್, ಸಂಜೆಯ ಬಿಸಿಲಿಗೆ ಕೆಂಪಾಗಿ.

ಈಗ ನಮ್ಮ ವಿಷಯ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ದುಬೈ, ಡ್ರೈವರ್ ಇಬ್ಬರೂ ಮೇಲಿನ ಇಳಿಜಾರಿಗೆ ಹೋದರು. ಕೆಳಗೆ ಉಳಿದದ್ದು ನಾವು ಮತ್ತು ಆರೇಳು ವರ್ಷದ ಊರಿನ ಮಕ್ಕಳು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಬೇಕಾದರೆ ಬೇರೆಯವರಿಗೆ ವಿವರಿಸಿ ಹೇಳಬಲ್ಲೆವು. ಕಾಲು ಮಾತ್ರ ಕೇಳುತ್ತಿರಲಿಲ್ಲ. ಜಾರಲು ಶುರುವಾದ ಕೂಡಲೇ ಕಣ್ಣು ಕೆಳಗೆ ಹೋಗುವುದು, ಬೆನ್ನು ಹಿಂದೆ ಹೋಗುವುದು, ಬೀಳುವುದು. ಪಕ್ಕದಲ್ಲಿ ಸಣ್ಣ ಹುಡುಗಿಯೊಬ್ಬಳು ಮೂಗು ಒರೆಸುತ್ತಾ ಸುಂಯ್ ಎಂದು ಹೋಗುವುದು.

ಹುಡುಗ ನಮ್ಮ ಎದುರು ಹಿಮ್ಮುಖವಾಗಿ ಜಾರುತ್ತಾ ಎರಡೂ ಕೈ ಚಾಚಿಕೊಂಡು ಅದೇ ಮಾತು ಹೇಳುತ್ತಿದ್ದ. ಮೊಣಕಾಲು ಬಾಗಿಸಿ ಉಸ್ತಾದ್‌ಜೀ, ಎದುರು ನೋಡಿ. ಬಿದ್ದೆವು. ಎಬ್ಬಿಸಿದ. ಮೊಣಕಾಲು ಬಾಗಿಸಿ ಉಸ್ತಾದ್‌ಜೀ, ಎದುರು ನೋಡಿ. ಇಪ್ಪತ್ತನೇ ಸಲ ಬಿದ್ದಾಗ ನಾವು ಅವನ ಮುಖ ನೋಡಿದೆವು. ಈಗ ಒಂದು ಮಾತು ಬರುತ್ತದೆ ಎಂದು ಕಾದೆವು. ಆ ಮಾತು ನಮಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನಾವೇ ದಿನಾ ಹೇಳುವುದು: "ಎಷ್ಟು ಸಲ ಹೇಳುವುದು ನಿನಗೆ?" ಅದು ಬರಲಿಲ್ಲ. ಮೊದಲ ಸಲ ಹೇಳಿದ ಹಾಗೆಯೇ, ಅದೇ ದನಿಯಲ್ಲಿ, ಮೊಣಕಾಲು ಬಾಗಿಸಿ ಎಂದ.

ಸುಸ್ತಾಗಿ ಡೇರೆಗೆ ಬಂದೆವು. ಟೈಲರ್ ಚಹಾ ಕೊಟ್ಟ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಪ್ಪಿನೊಳಗೆ ನೋಡುತ್ತಾ ಹೇಳಿದ: "ಉಸ್ತಾದೇ, ಬೇಜಾರು ಮಾಡಬೇಡಿ. ನಿಮ್ಮನ್ನು ನೋಡುವಾಗ ನನಗೆ ನನ್ನ ಮಗನ ನೆನಪಾಯಿತು."

ಟೈಲರ್‌ನ ಮಗ ಏಳು ವರ್ಷದ ಹಿಂದೆ ನಮ್ಮ ತರಗತಿಯಲ್ಲಿದ್ದ. ಹನ್ನೆರಡು ವರ್ಷದ ಹುಡುಗ, ಓದುವಾಗ ಅಕ್ಷರ ಅಕ್ಷರಕ್ಕೂ ನಿಲ್ಲುತ್ತಿದ್ದ. 'ಐನ್' ಬಂದರೆ ಗಂಟಲು ಕಟ್ಟುತ್ತಿತ್ತು. ಒಂದು ದಿನ ಮದ್ರಸ ಬಿಟ್ಟ. ಶಾಲೆಯ ಟ್ಯೂಷನ್‌ಗೆ ಹೊತ್ತು ಸರಿಯಾಗುವುದಿಲ್ಲ ಎಂದು ಟೈಲರ್ ಆಗ ಹೇಳಿದ್ದ, ನಾವು ಹೌದೆಂದು ನಂಬಿದ್ದೆವು.

"ಟ್ಯೂಷನ್ ಅಲ್ಲ ಉಸ್ತಾದೇ. ನೀವು ಎಲ್ಲರ ಎದುರು ಹೇಳಿದಿರಂತೆ, ಇದು ನಿನ್ನ ತಲೆಗೆ ಹತ್ತುವುದಲ್ಲ, ಟೈಲರನ ಮಗ ಅಲ್ಲವಾ, ಹೋಗಿ ಸೂಜಿ ಹಿಡಿ ಎಂದು. ಅವನು ಮನೆಗೆ ಬಂದು ನನ್ನ ಮಿಷನ್ನಿನ ಹತ್ತಿರವೂ ಒಂದು ವಾರ ಬರಲಿಲ್ಲ."

ನಮಗೆ ನೆನಪೇ ಇರಲಿಲ್ಲ. ಅದೇ ಹೆಚ್ಚು ನೋವಾದದ್ದು. ಹೇಳಿರಲಾರೆವು ಎನ್ನುವ ಹಾಗೂ ಇರಲಿಲ್ಲ, ಆ ಮಾತಿನ ಧಾಟಿ ನಮ್ಮದೇ. ಏಳು ವರ್ಷ ಈ ಗೆಳೆಯ ನಮ್ಮ ಜುಬ್ಬಾ ಹೊಲಿದು ಕೊಟ್ಟಿದ್ದಾನೆ, ಪ್ರತಿ ಪೆರ್ನಾಲಿಗೆ ಮನೆಗೆ ಕರೆದು ಉಣ್ಣಿಸಿದ್ದಾನೆ, ಇದನ್ನು ಹೇಳಲಿಲ್ಲ. "ದೂರುವುದಕ್ಕೆ ಹೇಳಿದ್ದಲ್ಲ" ಎಂದ. "ನೀವು ಬೀಳುವುದು, ಆ ಹುಡುಗ ಎಬ್ಬಿಸುವುದು ನೋಡಿ ಬಾಯಿಗೆ ಬಂತು."

ಆ ರಾತ್ರಿ ಎರಡೆರಡು ರಜಾಯಿ ಹೊದ್ದು ಮಲಗಿದ್ದರೂ ನಿದ್ದೆ ಬರಲಿಲ್ಲ. ಕತ್ತಲೆಯಲ್ಲೇ ಟೈಲರ್‌ನಲ್ಲಿ ಮಾಫ್ ಕೇಳಿದೆವು. ಅವನೂ ಎಚ್ಚರ ಇದ್ದ. "ನನ್ನ ಹತ್ತಿರ ಕೇಳಿ ಎಂತ ಮಾಡುವುದು ಉಸ್ತಾದೇ? ಕೇಳಬೇಕಾದವ ಊರಲ್ಲಿದ್ದಾನೆ." ಡ್ರೈವರ್ ಗೊರಕೆ ನಿಲ್ಲಿಸಿ, "ಮಲಗಿ ಮಾರಾಯ್ರೇ, ನಾಳೆ ಬೀಳಬೇಕು" ಎಂದ.

ಮೂರನೇ ದಿನ ದುಬೈ ಚೇರ್‌ಲಿಫ್ಟ್‌ನಲ್ಲಿ ಮೇಲೆ ಹೋದ. ಔಲಿಯ ಇಳಿಜಾರು 2,500 ಮೀಟರ್‌ನಿಂದ ಸುಮಾರು 3,050 ಮೀಟರ್‌ವರೆಗೆ ಹರಡಿದೆ. ಅಷ್ಟೆತ್ತರದಲ್ಲಿ ನಾಲ್ಕು ಹೆಜ್ಜೆಗೆ ಉಸಿರು ಸಿಗುವುದಿಲ್ಲ. ಮೇಲೆ ಅವನು ಜಾರಲು ಹೋಗಲಿಲ್ಲ. ಸ್ಕೀ ಕಳಚಿ, ಹಿಮದಲ್ಲಿ ಕೂತು, ಹೆಂಡತಿಗೆ ವೀಡಿಯೊ ಕಾಲ್ ಮಾಡಿದನಂತೆ. ಒಂದು ಮುಷ್ಟಿ ಹಿಮ ಎತ್ತಿ ಕ್ಯಾಮರಾಕ್ಕೆ ಹಿಡಿದು ತೋರಿಸಿ, ಮತ್ತೆ ಏನೂ ಮಾತಾಡಲಿಲ್ಲ ಎಂದು ಜೊತೆಗೆ ಹೋಗಿದ್ದ ಡ್ರೈವರ್ ಹೇಳಿದ. ಆಮೇಲೆ ನಿಧಾನಕ್ಕೆ, ಪಿಝ್ಝಾ ಮಾಡಿಕೊಂಡು, ಅರ್ಧ ದಾರಿ ಇಳಿದು ಬಂದ.

ನಾವೂ ಆ ದಿನ ಇಳಿದೆವು. ನೂರು ಮೀಟರ್ ಇರಬಹುದು. ಎದುರು ಹುಡುಗ ಹಿಮ್ಮುಖವಾಗಿ ಹೋಗುತ್ತಿದ್ದ, ಕೈ ಚಾಚಿರಲಿಲ್ಲ. ಒಂದು ತಿರುವು ಎಡಕ್ಕೆ, ಒಂದು ಬಲಕ್ಕೆ. ಬೀಳಲಿಲ್ಲ. ಖುಷಿಯಲ್ಲಿ ಎರಡೂ ಕೈ ಮೇಲೆತ್ತಿದೆವು. ಕೈ ಎತ್ತಿದ ಕೂಡಲೇ ಬೆನ್ನು ಹಿಂದೆ ಹೋಯಿತು, ಉಳಿದದ್ದು ನೀವೆಲ್ಲ ನೋಡಿದ್ದೀರಿ. ಮೊಬೈಲ್ ಹಿಡಿದಿದ್ದ ಟೈಲರ್ ಅದಕ್ಕೆ ಮುಂಚಿನ ಒಂದು ನಿಮಿಷ ತೆಗೆದಿಲ್ಲ. ಇದನ್ನು ಇಲ್ಲಿ ದಾಖಲಿಸುವುದು ನಮ್ಮ ಹಕ್ಕು.

ವಾಪಸಿನ ಬಗ್ಗೆ ಹೆಚ್ಚೇನಿಲ್ಲ. ಮೂರು ದಿನವೂ ರಾಜ್ಮಾ, ಅನ್ನ, ಆಲೂಗಡ್ಡೆ, ಮ್ಯಾಗಿ. ಬದರಿಗೆ ಹೋಗುವ ದಾರಿಯ ಊರು, ನಮಗೆ ಮನೆ ಕೊಟ್ಟವರೂ ಶುದ್ಧ ಸಸ್ಯಾಹಾರಿಗಳು ಎಂದು ಒಣಮೀನಿನ ಬಾಟ್ಲಿಯ ಮುಚ್ಚಳ ನಾವು ತೆಗೆಯಲಿಲ್ಲ. ದೆಹಲಿಯಲ್ಲಿ ರೈಲು ಹತ್ತಿದ ಮೇಲೆ ತೆಗೆದೆವು, ಇಡೀ ಬೋಗಿಗೆ ಗೊತ್ತಾಯಿತು. ಖರ್ಚು ತಲಾ ಇಪ್ಪತ್ತಾರು ಸಾವಿರ ಆಯಿತು. ಡ್ರೈವರ್ ಲೆಕ್ಕ ಬರೆದಿಟ್ಟಿದ್ದಾನೆ, ಬೇಕಾದವರು ಕೇಳಬಹುದು.

ವೀಡಿಯೊವನ್ನು ಟೈಲರ್ ಗ್ರೂಪಿಗೆ ಹಾಕಿದ್ದಲ್ಲ. ಅವನು ಕಳಿಸಿದ್ದು ಒಬ್ಬನಿಗೇ, ಮಗನಿಗೆ. ಮಗ ಅದನ್ನು ಇಡೀ ಜಮಾಅತಿಗೆ ಹಂಚಿದ. ರೈಲಿನಲ್ಲಿ ಇದು ತಿಳಿದಾಗ ನಮಗೆ ಕೋಪ ಬರಲಿಲ್ಲ. ಏಳು ವರ್ಷದ ಸಾಲ, ಬಡ್ಡಿ ಇಲ್ಲದೆ ಬಂದ ಹಾಗಾಯಿತು.

ಊರಿಗೆ ಬಂದ ಮೂರನೇ ದಿನ ಅಸರ್ ಮುಗಿಸಿ ಟೈಲರ್ ಮನೆಗೆ ಹೋದೆವು. ಹುಡುಗನಿಗೆ ಈಗ ಹತ್ತೊಂಬತ್ತು, ಎಸಿ ರಿಪೇರಿ ಕಲಿತು ಕೆಲಸಕ್ಕೆ ಹೋಗುತ್ತಾನೆ. ಜಗಲಿಯಲ್ಲಿ ಯಾವುದೋ ಫ್ಯಾನಿನ ಮೋಟಾರು ಬಿಚ್ಚಿಟ್ಟು ಕೂತಿದ್ದ. ನಮ್ಮನ್ನು ನೋಡಿ ಎದ್ದು ನಿಂತ. ಹೇಳಬೇಕಾದ್ದನ್ನು ದಾರಿಯಲ್ಲಿ ನಾಲ್ಕು ಸಲ ಮನಸ್ಸಲ್ಲೇ ಹೇಳಿಕೊಂಡು ಹೋಗಿದ್ದೆವು. ಎದುರು ನಿಂತಾಗ ಎರಡೇ ಮಾತು ಬಂತು. ಅಂದು ಹೇಳಿದ್ದು ತಪ್ಪು ಮೋನೇ, ಮಾಫ್ ಮಾಡು.

ಅವನು ಸ್ಕ್ರೂಡ್ರೈವರ್ ತಿರುಗಿಸುತ್ತಾ ನೆಲ ನೋಡಿದ. "ಅದೆಲ್ಲ ಈಗ ಎಂತಕ್ಕೆ ಉಸ್ತಾದ್" ಎಂದ. ಮಾಫ್ ಮಾಡಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಒಳಗಿಂದ ಅವನ ಉಮ್ಮ ಚಹಾ ಕಳಿಸಿದರು. ಕುಡಿದೆವು. ಏಳೋಣವೆಂದು ಹೊರಟಾಗ ಅವನೇ ಕೇಳಿದ:

"ಉಸ್ತಾದ್, ಅಲ್ಲಿ ಹಿಮ ಮಾಡುವ ಮಿಷನ್ ಉಂಟಂತಲ್ಲ, ನೋಡಿದ್ರಾ?"

ನೋಡಿದ್ದೆವು. ಇಳಿಜಾರಿನ ಬದಿಯಲ್ಲಿ ಫಿರಂಗಿಯ ಹಾಗೆ ನಿಂತಿದ್ದವು, ನಾವಿದ್ದ ದಿನ ಓಡಲಿಲ್ಲ. ಅವುಗಳಿಗೆ ನೀರು ಕೊಡಲೆಂದೇ ಮೇಲೆ ಒಂದು ಕೃತಕ ಕೆರೆ ಮಾಡಿದ್ದಾರೆ. ಆದರೆ ನೀರು ಹೇಗೆ ಹಿಮವಾಗುತ್ತದೆ ಎಂದು ನಮಗೆ ತಿಳಿದಿರಲಿಲ್ಲ.

"ನೀರನ್ನು ಗಾಳಿಯ ಒತ್ತಡದಲ್ಲಿ ಹೊಗೆಯ ಹಾಗೆ ಸಣ್ಣ ಸಣ್ಣ ಹನಿ ಮಾಡಿ ಚಿಮ್ಮಿಸ್ತಾರೆ. ಹನಿ ಗಾಳಿಯಲ್ಲಿ ಸ್ವಲ್ಪ ಆರ್ತದೆ, ಆರುವಾಗ ಉಳಿದದ್ದು ತಣ್ಣಗಾಗ್ತದೆ, ಕೆಳಗೆ ಬೀಳುವುದರೊಳಗೆ ಹಿಮ. ಅದಕ್ಕೆ ಚಳಿ ಮಾತ್ರ ಸಾಕಾಗುವುದಿಲ್ಲ, ಗಾಳಿ ಒಣಗಿರಬೇಕು. ನಮ್ಮ ಮಂಗಳೂರಲ್ಲಿ ಬೆವರು ಆರುವುದಿಲ್ಲ ಅಲ್ವಾ, ಗಾಳಿಯಲ್ಲಿ ಆಗಲೇ ನೀರು ತುಂಬಿದೆ. ಹಾಗೇ."

ನಮಗೆ ಪೂರ್ತಿ ಹಿಡಿಯಲಿಲ್ಲ. ಆರುವುದಕ್ಕೂ ತಣ್ಣಗಾಗುವುದಕ್ಕೂ ಏನು ಸಂಬಂಧ ಎಂದು ಕೇಳಿದೆವು. ಅವನು ಒಳಗೆ ಹೋಗಿ ಒಂದು ಲೋಟ ನೀರು ತಂದ. ಟೇಬಲ್ ಫ್ಯಾನನ್ನು ನಮ್ಮ ಕಡೆ ತಿರುಗಿಸಿದ. ಬೆರಳು ಅದ್ದಿ ಹಿಡಿಯಲು ಹೇಳಿ, ಮೊದಲಿನಿಂದ ಮತ್ತೆ ಶುರು ಮಾಡಿದ.